ಹಲ್ಲಿ ಪೆಟ್ಟಿಗೆ

ಸರ್ಕಾರ ಆ ಯಂತ್ರಕ್ಕೆ ಇಟ್ಟ ಹೆಸರು ಉಸಿರು ಹಿಡಿದು ಓದಬೇಕಾದಷ್ಟು ಉದ್ದವಿತ್ತು. ರೋಗಾಣುಗಳೊಳಗಿನ ಔಷಧನಿರೋಧಕ ಜೀನುಗಳನ್ನು ತ್ವರಿತವಾಗಿ ಪತ್ತೆ ಮಾಡುವ ಅದೇನೋ ಒಂದು. ಹುಬ್ಬಳ್ಳಿಯ ಜನ ಅಷ್ಟೆಲ್ಲ ಬಾಯಿ ನೋಯಿಸಿಕೊಳ್ಳುವವರಲ್ಲ. ರೋಗಿಯ ರಕ್ತದ ಹನಿಯೊಂದನ್ನು ಅದರ ಬಾಯಿಗೆ ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅದು ಹೊಟ್ಟೆಯೊಳಗಿನಿಂದ ಲೊಚ್ ಲೊಚ್ ಎಂದು ಸದ್ದು ಮಾಡಿ ದೀಪ ಹಚ್ಚುತ್ತಿತ್ತು. ಗೋಡೆಯ ಮೇಲಿನ ಹಲ್ಲಿ ನುಡಿದ ಹಾಗೆಯೇ. ಅದಕ್ಕೆ ಊರವರು ಹಲ್ಲಿ ಪೆಟ್ಟಿಗೆ ಅಂದರು. ದೀಪ ಹಸಿರಾದರೆ ಔಷಧಿ, ಕೆಂಪಾದರೆ ದೇವರು.

ಈ ಸ್ಥಿತಿ ಯಾರೋ ಹೊರಗಿನವರು ತಂದದ್ದಲ್ಲ. ನೆಗಡಿಗೊಂದು ಗುಳಿಗೆ, ನೆಗಡಿ ಬರಬಹುದೆಂಬ ಅನುಮಾನಕ್ಕೊಂದು ಗುಳಿಗೆ ನುಂಗಿದ ಅಜ್ಜ ಅಜ್ಜಿಯರ ಕಾಲದ ಫಲ ಇದು. ಜ್ವರ ಇಳಿದ ಕೂಡಲೇ ಉಳಿದ ಗುಳಿಗೆ ಡಬ್ಬಿಯಲ್ಲಿಟ್ಟು, ಮುಂದಿನ ಸಲ ಮನೆಮಂದಿಗೆಲ್ಲ ಹಂಚಿದವರು ಅವರು. ಕೋಳಿಗೂ ಹಾಕಿದರು, ಮೀನಿನ ಕೆರೆಗೂ ಸುರಿದರು. ರೋಗಾಣುಗಳು ದಡ್ಡರಲ್ಲ, ಒಂದೊಂದೇ ಔಷಧಿಯ ಕೀಲು ಕಲಿತುಕೊಂಡವು. ಕೊನೆಗೆ ಉಳಿದದ್ದು ತ್ರಾಣ ಎಂಬ ಒಂದೇ ಔಷಧಿ. ಮಣ್ಣಿನಲ್ಲಿ ಬದುಕುವ ಒಂದು ಜೀವಿಯಿಂದ ತೊಟ್ಟು ತೊಟ್ಟಾಗಿ ಅದನ್ನು ತೆಗೆಯಬೇಕು, ಜಿಲ್ಲೆಗೆ ಇಷ್ಟೇ ಎಂದು ಪಾಲು. ಅಷ್ಟರಲ್ಲಿ ಅದನ್ನೂ ಮುರಿಯುವ ಜೀನೊಂದು ಕಾಣಿಸಿಕೊಂಡಿತು. ಆ ಜೀನು ಇರುವ ರೋಗಾಣುವಿಗೆ ತ್ರಾಣ ಕೊಟ್ಟರೆ ಬೂದಿಗೆ ಹಾಲೆರೆದ ಹಾಗೆ. ಅಷ್ಟೇ ಅಲ್ಲ, ಔಷಧಿಯ ನಡುವೆ ಬದುಕಿ ಉಳಿದ ರೋಗಾಣು ಆ ವಿದ್ಯೆಯನ್ನು ಅಕ್ಕಪಕ್ಕದವಕ್ಕೂ ಹೇಳಿಕೊಡುತ್ತದೆ. ಆದ್ದರಿಂದ ಕಾನೂನು ಬಂತು: ಪೆಟ್ಟಿಗೆ ಕೆಂಪು ತೋರಿದರೆ ತ್ರಾಣ ಇಲ್ಲ.

ಜನ ಒಗ್ಗಿಕೊಂಡರು. ಜನ ಯಾವುದಕ್ಕೆ ಒಗ್ಗಿಕೊಳ್ಳುವುದಿಲ್ಲ? ಪೆಟ್ಟಿಗೆಯ ಮುಂದೆ ನಿಂಬೆಹಣ್ಣು ಇಟ್ಟರು, ಊದುಬತ್ತಿ ಹಚ್ಚಿದರು. ರಾಹುಕಾಲ ಕಳೆಯುವ ತನಕ ರಕ್ತ ಹಾಕಬೇಡಿ ಎಂದು ಪ್ರಯೋಗಾಲಯದ ಜರೀನಾಳ ಕೈ ಹಿಡಿದು ಕೂತರು. "ಹಲ್ಲಿ ನುಡೀತು, ಮುಗೀತು" ಎನ್ನುವುದು ಮಾತಿನ ನಡುವೆ ಗಾದೆಯಂತೆ ಬರತೊಡಗಿತು. ಕೆಂಪು ದೀಪದವರನ್ನು ಮಲಗಿಸುವ ಕೋಣೆಗೆ ಆಸ್ಪತ್ರೆಯವರು ಆರೈಕೆ ವಾರ್ಡ್ ಎಂದು ಬೋರ್ಡು ಹಾಕಿದ್ದರು. ಬೋರ್ಡು ಓದಿದವರು ಯಾರೂ ಮೋಸ ಹೋಗುತ್ತಿರಲಿಲ್ಲ.

ಪೆಟ್ಟಿಗೆಗೆ ಕಣ್ಣು ಕೊಟ್ಟವಳು ಅದೇ ಆಸ್ಪತ್ರೆಯ ರೋಗಾಣು ತಜ್ಞೆ ಇಂದುಮತಿ ಸವಣೂರ. ಆ ಜೀನನ್ನು ತುದಿಯಿಂದ ತುದಿಗೆ ಓದಲು ಒಂದು ದಿನ ಬೇಕು, ರೋಗಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಎಂದೂ ಬದಲಾಗದ ಒಂದು ಚಿಕ್ಕ ತುಣುಕನ್ನು ಅವಳು ಜೀನಿನ ನಡುವಿನಿಂದ ಆರಿಸಿದಳು. ಆ ತುಣುಕು ಇದೆಯೇ ಎಂದು ಮಾತ್ರ ಪೆಟ್ಟಿಗೆ ಹುಡುಕುತ್ತದೆ. ತುಣುಕು ಸಿಕ್ಕರೆ ಜೀನು ಇದ್ದಂತೆ, ಜೀನು ಇದ್ದರೆ ಔಷಧಿ ಸೋತಂತೆ. ಆ ಜಾಣತನಕ್ಕೆ ಅವಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಸಿಕ್ಕವು. ಸಿಗಬೇಕಾದದ್ದೇ. ಅವಳ ಪೆಟ್ಟಿಗೆ ಹಸಿರು ತೋರಿದವರು ನಡೆದು ಮನೆಗೆ ಹೋಗುತ್ತಿದ್ದರು.

ತ್ರಾಣ ಇಟ್ಟ ಉಕ್ಕಿನ ಕಪಾಟು ಅವಳ ಅಂಗೈ ಒತ್ತಿದರೆ ತೆರೆಯುತ್ತಿತ್ತು. ಅವಳದು ಮತ್ತು ಆಸ್ಪತ್ರೆಯ ನಿರ್ದೇಶಕ ವಾದಿರಾಜ ಕಟ್ಟಿಯವರದು, ಎರಡೇ ಕೈ. ವಿಶೇಷ ಸಂದರ್ಭದಲ್ಲಿ ಕೆಂಪಿನವರಿಗೂ ಕೊಡಬಹುದೆಂದು ಕಾನೂನಿನ ಮೂಲೆಯಲ್ಲಿ ಒಂದು ಸಂದಿ ಇತ್ತು. ಇಂದುಮತಿ ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಗಾದಿ ಹೊಲಿಯುವ ದಸ್ತಗೀರಸಾಬ ಕೆಂಪು ಬಂದ ತನ್ನ ಮಗಳಿಗಾಗಿ ಈಚೆಗೆ ಬಂದು ಅವಳ ಕೋಣೆಯ ನೆಲದ ಮೇಲೆ ಕೂತುಬಿಟ್ಟಿದ್ದ.

"ಒಂದ ಸೂಜಿ ಕೊಡ್ರಿ ಅಮ್ಮಾರ. ಹತ್ತಿದ್ರ ಹತ್ತಲಿ, ಇಲ್ಲಾಂದ್ರ ನಮ್ಮ ನಸೀಬ."

"ಹತ್ತೂದಿಲ್ಲ ಸಾಹೇಬ್ರ. ಆ ಹುಳಕ್ಕ ಈ ಔಷಧಿ ಮುರಿಯೂದು ಗೊತ್ತೈತಿ. ನಿಮ್ಮ ಮಗಳಿಗೆ ಕೊಟ್ರ ಆಕಿಗೂ ಉಪಯೋಗ ಇಲ್ಲ, ಮಗ್ಗಲ ಹಾಸಿಗಿಯವರಿಗೂ ಇಲ್ಲದಂಗ ಆಕೈತಿ."

"ನಿಮ್ಮ ಮನ್ಯಾಗ ಹಿಂಗ ಆದ ದಿನ ಈ ಮಾತ ಹೇಳ್ರಿ, ಕೇಳ್ತೀನಿ" ಎಂದು ಅವನು ಎದ್ದು ಹೋಗಿದ್ದ. ಮಗಳು ಆ ವಾರವೇ ಹೋದಳು. ಇಂದುಮತಿಗೆ ಸಂಕಟವಾಗಿತ್ತು, ಆದರೆ ತಪ್ಪು ಮಾಡಿದೆ ಎಂದು ಅನಿಸಿರಲಿಲ್ಲ. ಎರಡೂ ಬೇರೆ ಬೇರೆ ಎಂದು ಅವಳು ನಂಬಿದ್ದಳು.

ಉಣಕಲ್ಲಿನ ಮನೆಯಲ್ಲಿ ಅವರು ಮೂವರೇ: ಇಂದುಮತಿ, ಅವಳ ತಮ್ಮ ಗುರುಶಾಂತ, ಅವನ ಹೆಂಡತಿ ಕಸ್ತೂರಿ. ಇಂದುಮತಿ ಮದುವೆಯ ಗೋಜಿಗೆ ಹೋದವಳಲ್ಲ. ತಮ್ಮನಿಗೆ ಮಕ್ಕಳಾಗಿರಲಿಲ್ಲ. ಗುರುಶಾಂತನದು ಗೋಕುಲ ರಸ್ತೆಯಲ್ಲಿ ಬಸ್ಸಿನ ಬಾಡಿ ಕಟ್ಟುವ ಗ್ಯಾರೇಜು. ದಿನವೆಲ್ಲ ತಗಡು ಬಡಿದು ಕಿವಿ ಮಂದವಾಗಿದ್ದರಿಂದ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. "ಹಲ್ಲಿ ಅಕ್ಕಾ, ಇವತ್ತ ಎಷ್ಟ ಮಂದಿಗೆ ನುಡದಿ?" ಎಂದು ಊಟಕ್ಕೆ ಕೂತಾಗ ಕೇಳುವನು. ಕಸ್ತೂರಿ ಅವನಿಗೆ ಕಣ್ಣು ಬಿಡುವಳು. ಸಾವಿನ ಮಾತು ಉಣ್ಣುವಾಗ ಬೇಡ ಎಂದು ಅವಳ ಕಟ್ಟಪ್ಪಣೆ. ಅಕ್ಕ ನಗುವಳು. ಆಸ್ಪತ್ರೆಯಲ್ಲಿ ಎಲ್ಲರೂ ಅವಳ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದರು, ಅವಳನ್ನು ಗೇಲಿ ಮಾಡುವ ಒಂದೇ ಬಾಯಿ ಅದು.

ತಗಡಿನ ಅಂಚು ಕಾಲಿನ ಮೀನಖಂಡಕ್ಕೆ ತಾಗಿ ಗೀರಿದ್ದನ್ನು ಗುರುಶಾಂತ ಯಾರಿಗೂ ಹೇಳಲಿಲ್ಲ. ಅಕ್ಕ ಬೈಯುತ್ತಾಳೆಂದು ಅರಿಶಿಣ ಮೆತ್ತಿ ಬಟ್ಟೆ ಸುತ್ತಿಕೊಂಡ. ಚಳಿ ಬಂದು ಹಲ್ಲು ಕಟಕಟಿಸತೊಡಗಿದ ಮೇಲೆ ಕಸ್ತೂರಿ ಬಟ್ಟೆ ಬಿಚ್ಚಿಸಿ ನೋಡಿದಳು. ಕಾಲು ಮೊಳಕಾಲಿನ ತನಕ ಕೆಂಪಾಗಿ ಬಾತು ಮಿರಿಮಿರಿ ಹೊಳೆಯುತ್ತಿತ್ತು. ಇಂದುಮತಿ ಅವನನ್ನು ತನ್ನ ಆಸ್ಪತ್ರೆಗೇ ತಂದಳು, ರಕ್ತದ ಹನಿಯನ್ನು ತಾನೇ ಪೆಟ್ಟಿಗೆಗೆ ಬಿಟ್ಟಳು. ಅಂದು ಯಾರೂ ಚಹಾ ಕುಡಿಯಲು ಹೋಗಲಿಲ್ಲ.

ಹಲ್ಲಿ ನುಡಿಯಿತು. ಕೆಂಪು.

ಅವಳು ಮತ್ತೊಂದು ಹನಿ ಹಾಕಿದಳು. ಜರೀನಾ ಬೇರೆ ಪೆಟ್ಟಿಗೆ ತಂದುಕೊಟ್ಟಳು. ಅದೂ ಕೆಂಪು.

ಕಸ್ತೂರಿ ಹೊರಗಿನ ಬೆಂಚಿನ ಮೇಲೆ ಕೂತಿದ್ದವಳು ಎದ್ದು ಬಂದು ಅವಳ ಮುಖ ನೋಡಿಯೇ ತಿಳಿದುಕೊಂಡಳು. "ಅಕ್ಕಾರ, ಆ ಕಪಾಟ ನಿಮ್ಮ ಕೈಗೆ ತೆರೀತೈತಿ. ನೀವ ಹೇಳಿದ್ರಿ ಒಂದ ಸಲ."

"ತೆರೀತೈತಿ. ಆದ್ರ ಔಷಧಿ ಅವಂಗ ಹತ್ತೂದಿಲ್ಲ ಕಸ್ತೂರಿ."

"ಹತ್ತದಿದ್ರ ಬಿಡಲಿ. ಕೊಟ್ಟು ನೋಡ್ರಿ. ಕೊಟ್ಟೀವಿ ಅನ್ನೂ ಸಮಾಧಾನಾದರೂ ಇರ್ತೈತಿ ನನಗ."

"ಇದ ಮಾತ ಮೊನ್ನೆ ಗಾದಿ ಹೊಲಿಯಾಂವ ಕೇಳಿದ. ಅವನ ಮಗಳಿಗೆ ಇಲ್ಲ ಅಂದೀನಿ. ನನ್ನ ತಮ್ಮಗ ಹೆಂಗ ಹೂಂ ಅನ್ನಲಿ?"

ಕಟ್ಟಿಯವರು ಅಷ್ಟರಲ್ಲಿ ಬಂದರು. ಧಾರವಾಡದ ಹಳೆಯ ಮನೆತನದ ಮನುಷ್ಯ, ದನಿ ಏರಿಸಿ ಗೊತ್ತಿಲ್ಲ. ದೀಪ ನೋಡಿದರು, ಗುರುಶಾಂತನ ಹೆಸರು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಇಂದುಮತಿ, ನಾ ಈಗ ಊಟಕ್ಕ ಹೋಗ್ತೇನಿ. ಬರೂದು ತಡ ಆಗ್ತದ. ಕಪಾಟಿನ ಲೆಕ್ಕ ನಾನೇ ನೋಡೂದು, ನಿಮಗ ಗೊತ್ತದ" ಎಂದರು. ಅಂದರೆ ನಾನು ನೋಡದ ಹಾಗೆ ಇರುತ್ತೇನೆ, ಕೊಟ್ಟುಬಿಡಿ ಎಂದು. ಕಸ್ತೂರಿಗೂ ಅದು ತಿಳಿಯಿತು. ಅವಳು ಇಂದುಮತಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಇಂದುಮತಿ ಕೈ ಬಿಡಿಸಿಕೊಂಡಳು. ಅದೇನು ಕಲ್ಲು ಮನಸ್ಸಿನಿಂದಲ್ಲ. ಆದರೆ ಗುಣವಾಗಬಲ್ಲ ಯಾರದೋ ಪಾಲಿನ ಔಷಧಿಯನ್ನು ಗುಣವಾಗದ ತಮ್ಮನಿಗೆ ಚುಚ್ಚಿದರೆ ತಾನು ಇಷ್ಟು ದಿನ ಇಲ್ಲ ಎಂದ ಮುಖಗಳ ಮುಂದೆ ಹೇಗೆ ನಿಲ್ಲಬೇಕು? ನಿಯಮ ಪರರಿಗೆ ಮಾತ್ರವಾದರೆ ಅದು ನಿಯಮವೇ ಅಲ್ಲ. ಇದನ್ನೆಲ್ಲ ಅವಳು ತಪ್ಪಿಲ್ಲದೆ ಯೋಚಿಸಿದಳು. ಯೋಚನೆಯಲ್ಲಿ ಒಂದು ಎಳೆಯೂ ಸಡಿಲ ಇರಲಿಲ್ಲ.

ಗುರುಶಾಂತನಿಗೆ ಇನ್ನೂ ಎಚ್ಚರ ಇತ್ತು. "ಹಲ್ಲಿ ಏನಂತ ಅಕ್ಕಾ?" ಎಂದ. ಕೂಗುವ ದನಿ ಹೋಗಿ ಪಿಸುಮಾತಾಗಿತ್ತು.

"ಕೆಂಪು."

"ಹಂಗಾರ ಬಿಡು. ನೀ ಮಾಡಿದ ಮಷೀನ ಸುಳ್ಳ ಹೇಳಂಗಿಲ್ಲ." ಸ್ವಲ್ಪ ಹೊತ್ತಿನ ಮೇಲೆ ಹೇಳಿದ, "ಕಸ್ತೂರಿ ಅತ್ತರ ಬೈಬ್ಯಾಡ. ಆಕಿಗೆ ನಿನ್ನಷ್ಟ ತಿಳಿಯೂದಿಲ್ಲ."

ಮರುದಿನ ಅವನನ್ನು ಮಣ್ಣು ಮಾಡಿ ಬಂದರು.

ಸುದ್ದಿ ಹೇಗೋ ಹೊರಗೆ ಹೋಯಿತು. ಪತ್ರಿಕೆಯವರು ಅವಳ ಹಳೆಯ ಫೋಟೋ ಹಾಕಿ "ಸ್ವಂತ ತಮ್ಮನಿಗೂ ಇಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದರು. ಶಾಸಕರೊಬ್ಬರು ಸತ್ಯ ಹರಿಶ್ಚಂದ್ರನ ಕಾಲ ಇನ್ನೂ ಮುಗಿದಿಲ್ಲ ಎಂದು ಭಾಷಣ ಮಾಡಿದರು. ಹರಿಶ್ಚಂದ್ರನ ಹೆಂಡತಿ ಮಗನನ್ನು ಕೇಳುವವರು ಆಗಲೂ ಇರಲಿಲ್ಲ. ಆ ವಾರ ಆಸ್ಪತ್ರೆಯಲ್ಲಿ ಕೆಂಪು ದೀಪ ಕಂಡವರ ಕಡೆಯವರು ಜಗಳ ತೆಗೆಯಲಿಲ್ಲ. ಮೇಡಮ್ಮಾರ ತಮ್ಮಗ ಇಲ್ಲದ್ದು ನಮಗೆಲ್ಲಿಂದ ಎಂದು ಸುಮ್ಮನೆ ವಾರ್ಡಿಗೆ ಹೋದರು.

ದಸ್ತಗೀರಸಾಬ ಮನೆಗೇ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೊಟ್ಟ ಕುರ್ಚಿಯ ತುದಿಗೆ ಕೂತ. "ಅವತ್ತ ನಿಮಗ ಬಾಯಿಗೆ ಬಂದಂಗ ಅಂದೆ ಅಮ್ಮಾರ. ದೊಡ್ಡ ಮಂದಿ ತಮ್ಮವರಿಗೆ ಕೊಡ್ತಾರ, ನಮಗ ಕೆಂಪ ತೋರಸ್ತಾರ ಅಂತ ತಿಳಿದಿದ್ದೆ. ಈಗ ಮನಸ್ಸ ತಣ್ಣಗಾತು. ನನ್ನ ಮಗಳು ಹೆಂಗೂ ಉಳಿತಿರಲಿಲ್ಲ. ಇಷ್ಟ ದಿನ ನಿದ್ದಿ ಇರಲಿಲ್ಲ ನೋಡ್ರಿ, ಇನ್ನ ಬರತೈತಿ." ಕಸ್ತೂರಿ ಒಳಗಿನ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿದಳು.

ಅವನು ಹೋದ ಮೇಲೆ ಅವಳು ಹೇಳಿದಳು, "ಅಕ್ಕಾರ, ನನಗ ಆ ಹುಳ ತೋರಸ್ರಿ."

"ಯಾವ ಹುಳ?"

"ಅವರನ್ನ ಕೊಂದದ್ದು. ಆ ಸಾಬರಿಗೆ ನಿದ್ದಿ ಬರತೈತಂತ. ನನಗ ಬರವಲ್ದು. ನಾ ನೋಡಿದ್ದು ಒಂದು ಕೆಂಪ ದೀಪ ಅಷ್ಟ. ದೀಪ ನೋಡಿ ಗಂಡನ್ನ ಬಿಟ್ಟ ಕೊಟ್ಟಂಗ ಆಗೈತಿ. ಔಷಧಿ ಹಾಕಿದ್ರೂ ಅದು ಸಾಯೂದಿಲ್ಲ ಅನ್ನೂದನ್ನ ನನ್ನ ಕಣ್ಣಿಂದ ನೋಡಬೇಕು. ನೋಡಿದ್ರ ಸುಮ್ಮನಾಗ್ತೀನಿ."

ಇಂದುಮತಿಗೆ ಅದು ಕೇಳಬಾರದ ಮಾತೇನೂ ಅನಿಸಲಿಲ್ಲ. ತೋರಿಸಬಹುದಿತ್ತು. ಪೆಟ್ಟಿಗೆ ಬರುವ ಮೊದಲು ಎಲ್ಲರೂ ಹಾಗೆಯೇ ನೋಡುತ್ತಿದ್ದರು: ಗಾಜಿನ ತಟ್ಟೆಯಲ್ಲಿ ರೋಗಾಣುಗಳಿಗೆ ಮೇವು ಹರಡಿ, ಅವನ್ನು ಬಿತ್ತಿ, ನಡುವೆ ಔಷಧಿ ಹೀರಿದ ಕಾಗದದ ಬಿಲ್ಲೆ ಇಟ್ಟು ಒಂದು ದಿನ ಕಾಯುವುದು. ಈಗ ಅದೆಲ್ಲ ನಿಂತುಹೋಗಿತ್ತು. ಜೀವಂತ ರೋಗಾಣುಗಳನ್ನು ಬೆಳೆಸುವುದೇ ಅಪಾಯವೆಂದು ಪೆಟ್ಟಿಗೆ ನೋಡಿ ಮುಗಿದ ರಕ್ತವನ್ನು ಹದಿನೈದು ದಿನ ಶೀತದಲ್ಲಿಟ್ಟು ಸುಟ್ಟುಬಿಡುತ್ತಿದ್ದರು. ಹೊಸ ಹುಡುಗರಿಗೆ ತಟ್ಟೆ ಹಾಕಲು ಬರುತ್ತಲೂ ಇರಲಿಲ್ಲ. ಹಳೆಯ ಕೋಣೆಯೊಂದು ಬೀಗ ಹಾಕಿ ಬಿದ್ದಿತ್ತು. ಅದರ ಬೀಗದ ಕೈ ಇಂದುಮತಿಯ ಹತ್ತಿರವೇ ಇತ್ತು. ಗುರುಶಾಂತನ ರಕ್ತವನ್ನು ಇನ್ನೂ ಸುಟ್ಟಿರಲಿಲ್ಲ.

ಅವಳು ಕಸ್ತೂರಿಯನ್ನು ಕರೆದುಕೊಂಡು ಹೋಗಿ ಗಾಜಿನ ಆಚೆ ಕೂರಿಸಿದಳು. ತ್ರಾಣದ ಖಾಲಿ ಸೀಸೆಗಳ ತಳದಲ್ಲಿ ಉಳಿದ ಹನಿಗಳನ್ನು ಕೂಡಿಸಿ ಬಿಲ್ಲೆಗಳನ್ನು ನೆನೆಸಿದಳು. ಒಂದು ತಟ್ಟೆಯಲ್ಲಿ ತಮ್ಮನ ರೋಗಾಣು ಬಿತ್ತಿದಳು. ಒಂಟಿ ತಟ್ಟೆಯನ್ನು ನಂಬಬಾರದೆಂದು ಕಲಿಸಿದ ಗುರುಗಳ ಅಭ್ಯಾಸ ಅವಳ ಕೈಯಲ್ಲಿ ಉಳಿದಿತ್ತು. ಅಂದೇ ಬೆಳಿಗ್ಗೆ ಕೆಂಪು ದೀಪ ಕಂಡು ಆರೈಕೆ ವಾರ್ಡು ಸೇರಿದ್ದ ರೇಣವ್ವ ಎಂಬ ಬಾಣಂತಿಯ ರಕ್ತವನ್ನು ಎರಡನೆಯದಕ್ಕೆ ಹಾಕಿದಳು. ಮೂರನೆಯದಕ್ಕೆ ಹಳೆಯ ದಾಸ್ತಾನಿನಲ್ಲಿದ್ದ, ತ್ರಾಣಕ್ಕೆ ಬಗ್ಗುವುದಿಲ್ಲವೆಂದು ಮೊದಲಿನಿಂದ ಗೊತ್ತಿದ್ದ ರೋಗಾಣು.

"ಹೆಂಗ ಗೊತ್ತಾಕೈತಿ?" ಕಸ್ತೂರಿ ಗಾಜಿನ ಆಚೆಯಿಂದ ಕೇಳಿದಳು.

"ನಾಳೆ ತಟ್ಟಿ ತುಂಬ ಕೆನಿ ಕಟ್ಟಿದಂಗ ಬೆಳೆದಿರ್ತಾವ. ಔಷಧಿಗೆ ಸಾಯೂ ಹುಳ ಇದ್ರ ಬಿಲ್ಲಿ ಸುತ್ತ ಬರೇ ಜಾಗಾ ಉಳಿತೈತಿ, ಬಳಿ ಇಟ್ಟಂಗ. ಸಾಯದ ಹುಳ ಇದ್ರ ಬಿಲ್ಲಿಗೆ ಹತ್ತೇ ಬೆಳಿತಾವ. ನಿನ್ನ ಗಂಡಂದು ಬಿಲ್ಲಿಗೆ ಹತ್ತಿರ್ತೈತಿ, ನೋಡೀಯಂತ."

"ನಾಳೆ ಮಧ್ಯಾಹ್ನ ಬರ್ತೀನಿ" ಎಂದು ಕಸ್ತೂರಿ ಸೆರಗು ಹೊದ್ದು ಹೊರಟಳು. ಗಂಡ ಹೋದ ಮೇಲೆ ಮೊದಲ ಸಲ ಅವಳ ನಡಿಗೆಯಲ್ಲಿ ಸ್ವಲ್ಪ ಬಲ ಕಂಡಿತು. ಇಂದುಮತಿಗೂ ಹಗುರೆನಿಸಿತು.

ಬೆಳಿಗ್ಗೆ ಅವಳು ತಟ್ಟೆ ತೆಗೆದಳು. ಮೂರನೆಯದು ಹೇಳಿದ ಹಾಗೆ ಇತ್ತು, ಬಿಲ್ಲೆಯ ಅಂಚಿನ ತನಕ ಕೆನೆ. ಗುರುಶಾಂತನ ತಟ್ಟೆಯಲ್ಲಿ ಬಿಲ್ಲೆಯ ಸುತ್ತ ಅಗಲವಾದ ಖಾಲಿ ಬಳೆ ಇತ್ತು. ರೇಣವ್ವನದರಲ್ಲೂ ಇತ್ತು.

ತಟ್ಟೆಗಳು ಅದಲುಬದಲಾದವೇನೋ ಎಂದು ಮೊದಲು ಅನಿಸಿತು. ಹಾಗೆ ಆಗಿರಲಿ ಎಂದು ಅವಳು ಬೇಡಿಕೊಂಡಳು. ಅಂಟಿಸಿದ ಹೆಸರು ಅವಳ ಕೈಬರಹದ್ದೇ. ಆಮೇಲೆ ಅವಳು ತಮ್ಮನ ರೋಗಾಣುವಿನ ಜೀನನ್ನು ತುದಿಯಿಂದ ಓದಲು ಕೊಟ್ಟಳು. ಪೂರ್ತಿ ಮುಗಿಯಲು ದಿನ ಬೇಕಿತ್ತು, ಆದರೆ ಮೊದಲ ತುದಿ ಬರುತ್ತಿದ್ದ ಹಾಗೆಯೇ ಸಾಕಾಯಿತು. ಪೆಟ್ಟಿಗೆ ಹುಡುಕುವ ನಡುವಿನ ತುಣುಕು ಚೆನ್ನಾಗಿಯೇ ಇರಬೇಕು, ಅದಕ್ಕೇ ಕೆಂಪು. ಆದರೆ ಜೀನು ಶುರುವಾಗುವಲ್ಲಿ, ಅದನ್ನು ಹೊತ್ತಿಸುವ ಜಾಗದಲ್ಲಿಯೇ, ಎಲ್ಲಿಂದಲೋ ಹಾರಿ ಬಂದ ಬೇರೊಂದು ತುಂಡು ಕೂತುಬಿಟ್ಟಿತ್ತು. ಜೀನು ಇತ್ತು, ಕೆಲಸ ಮಾಡುತ್ತಿರಲಿಲ್ಲ. ಹೋಳಿಗೆ ಮಾಡುವುದು ಹೇಗೆಂದು ಬರೆದಿಟ್ಟುಕೊಂಡ ಮನೆಯಲ್ಲೆಲ್ಲ ಹೋಳಿಗೆ ಬೇಯುವುದಿಲ್ಲ. ಅವಳ ಪೆಟ್ಟಿಗೆ ಮನೆಯಲ್ಲಿ ಆ ಬರಹ ಇದೆಯೇ ಎಂದು ಮಾತ್ರ ನೋಡುತ್ತಿತ್ತು, ಒಲೆ ಉರಿಯುತ್ತಿದೆಯೇ ಎಂದು ಎಂದೂ ನೋಡಿರಲಿಲ್ಲ.

ಪೆಟ್ಟಿಗೆಯನ್ನು ಮೊದಲು ಪರೀಕ್ಷಿಸಿದ ವರ್ಷ ತಟ್ಟೆಗೂ ಪೆಟ್ಟಿಗೆಗೂ ಹೊಂದದ ಕೆಲವು ಮಾದರಿಗಳು ಇದ್ದವು. ತಟ್ಟೆ ಹಾಕಿದವರ ಕೈ ಶುದ್ಧವಿರಲಿಲ್ಲ ಎಂದು ಅವನ್ನು ತೆಗೆದುಹಾಕಿದ್ದರು. ಯಂತ್ರ ಹೊಸದು, ಹೊಳೆಯುತ್ತಿತ್ತು. ಮನುಷ್ಯನ ಕೈ ಹಳೆಯದು. ಎರಡರಲ್ಲಿ ತಪ್ಪು ಯಾರದೆಂದು ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ, ಅವಳಿಗೂ ಕಾಣಲಿಲ್ಲ.

ಕಟ್ಟಿಯವರು ಮೂರೂ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಬಿಲ್ಲಿ ಸರಿ ಇದ್ದವೇನು?" ಎಂದರು ಕೊನೆಗೆ.

"ಮೂರನೇದ್ದು ನೋಡ್ರಿ ಸರ್. ಬಿಲ್ಲಿ ತಪ್ಪಿದ್ರ ಅದರಾಗೂ ಬಳಿ ಬೀಳ್ತಿತ್ತು."

"ಎಲ್ಲಾ ಕೆಂಪೂ ಹೀಂಗ ಇರಲಿಕ್ಕಿಲ್ಲ."

"ಇರಲಿಕ್ಕಿಲ್ಲ. ಎಷ್ಟ ಇದ್ದವು ಅಂತ ಇನ್ನ ಗೊತ್ತಾಗೂ ಹಂಗಿಲ್ಲ. ಎಲ್ಲಾ ಸುಟ್ಟೀವಿ. ಇವತ್ತಿಂದ ಕೆಂಪ ಬಂದ ಪ್ರತಿಯೊಬ್ಬರದೂ ತಟ್ಟಿ ಹಾಕಬೇಕು ಸರ್. ಊರಿಗೆ ಹೇಳಬೇಕು."

ಕಟ್ಟಿಯವರು ಕುರ್ಚಿಗೆ ಒರಗಿದರು. "ತಟ್ಟಿ ಹಾಕೋಣಂತ. ಗಪ್‌ಚುಪ್ಪಾಗಿ ಆರು ತಿಂಗಳು ಹಾಕೋಣ, ಲೆಕ್ಕಾ ತಗಿಯೋಣ, ಮ್ಯಾಲೆ ಕಳಸೋಣ. ಊರಿಗೆ ಮಾತ್ರ ಹೇಳಬ್ಯಾಡ್ರಿ. ಪೆಟ್ಟಿಗಿ ಸುಳ್ಳು ಅಂತ ಒಂದ ಸಲ ತಿಳಿದ್ರ ಮಂದಿ ಕಪಾಟ ಒಡದು ತ್ರಾಣ ಒಯ್ತಾರ. ನೆಗಡಿಗೂ ತಗೊಂತಾರ. ಒಂದ ವರ್ಷದಾಗ ಇದೂ ಸತ್ತ ಹೋಗ್ತದ. ಆಮ್ಯಾಲೆ ಹಸಿರಿನವರಿಗೂ ಏನೂ ಇಲ್ಲ. ನೀವ ಹೇಳ್ರಿ, ಇದು ಸುಳ್ಳೇನು?"

ಸುಳ್ಳಾಗಿರಲಿಲ್ಲ. ಅವಳೇ ದಸ್ತಗೀರಸಾಬನಿಗೆ ಹೇಳಿದ ಮಾತಿನ ದೊಡ್ಡಣ್ಣ ಅದು. ಅವರು ಇನ್ನೂ ಮೆಲ್ಲಗೆ ಹೇಳಿದರು, "ಮಂದಿ ಯಾಕ ನಂಬ್ಯಾರ ಗೊತ್ತದೇನು? ಪೆಟ್ಟಿಗಿ ನೋಡಿ ಅಲ್ಲ. ನಿಮ್ಮನ್ನ ನೋಡಿ. ತಮ್ಮಗೂ ಕೊಡಲಿಲ್ಲ ಅಂತ."

ಇಂದುಮತಿ ಎದ್ದು ಬಂದಳು. ಅವಳಿಗೆ ಸಿಟ್ಟು ಬಂದದ್ದು ಕಟ್ಟಿಯವರ ಮೇಲಲ್ಲ. ಆ ದಿನ ಊಟಕ್ಕೆ ಹೋಗುತ್ತೇನೆ ಎಂದು ಕಣ್ಣು ಮುಚ್ಚಿಕೊಂಡವರು ಅವರು. ಆ ಸಣ್ಣ ಅಪ್ರಾಮಾಣಿಕತೆಯನ್ನು ಒಪ್ಪಿಕೊಂಡಿದ್ದರೆ ಗುರುಶಾಂತ ಇಷ್ಟು ಹೊತ್ತಿಗೆ ಮನೆಯಲ್ಲಿ ಕೂಗಾಡುತ್ತಿದ್ದ. ತನ್ನ ಪ್ರಾಮಾಣಿಕತೆಯೇ ಅವನನ್ನು ತಿಂದಿತು. ಆ ಮಾತನ್ನು ಅವಳು ಮನಸ್ಸಿನೊಳಗೆ ಹಾಗೆಯೇ ಅಂದುಕೊಂಡಳು, ಸುತ್ತಿ ಬಳಸಲಿಲ್ಲ.

ಹಳೆಯ ಕೋಣೆಗೆ ಬಂದಾಗ ಕಸ್ತೂರಿ ಆಗಲೇ ಬಂದು ಗಾಜಿನ ಆಚೆ ನಿಂತಿದ್ದಳು. ಇಂದುಮತಿ ಬಟ್ಟೆ ಬದಲಿಸಿ ಒಳಗೆ ಹೋಗಿ ತಟ್ಟೆಗಳನ್ನು ಮೇಜಿನ ಮೇಲೆ ಇಟ್ಟಳು. ಮೂರನೆಯ ತಟ್ಟೆಯನ್ನು ಮುಂದಿಟ್ಟು ಇದೇ ನಿನ್ನ ಗಂಡನದು ಎಂದುಬಿಡಬಹುದಿತ್ತು. ಕೈ ಆ ಕಡೆ ಹೋಗಿತ್ತು ಕೂಡ. ಅವಳು ಗುರುಶಾಂತನ ತಟ್ಟೆಯನ್ನೇ ಎತ್ತಿ ಗಾಜಿಗೆ ಹಿಡಿದಳು.

ಕಸ್ತೂರಿ ಬಗ್ಗಿ ನೋಡಿದಳು. "ಇದು ಅವರದ್ದೇನು?"

"ಹೂಂ."

"ಬಳಿ ಐತೆಲ್ರಿ."

"ಐತಿ."

"ಬಳಿ ಇದ್ರ ಸಾಯೂ ಹುಳ ಅಂದಿದ್ರಿ."

"ಹೌದು ಕಸ್ತೂರಿ. ಕೊಟ್ಟಿದ್ರ ಉಳಿತಿದ್ದ. ಪೆಟ್ಟಿಗಿ ತಪ್ಪ ಹೇಳಿತು. ನಾ ಅದನ್ನ ನಂಬಿದೆ. ನೀ ಹೇಳಿದಂಗ ಕೈ ಒತ್ತಿದ್ರ ಆಗಿತ್ತು."

ಕಸ್ತೂರಿ ಅಳಲಿಲ್ಲ. ಗಾಜಿಗೆ ಹಣೆ ತಾಗಿಸಿ ಆ ಬಳೆಯನ್ನೇ ನೋಡುತ್ತಿದ್ದಳು. "ಇಷ್ಟ ದಿನ ದೇವರನ್ನ ಬೈತಿದ್ದೆ ಅಕ್ಕಾರ. ಅಂವ ದೂರ ಇರ್ತಾನ, ಬೈದ್ರ ನಡಿತೈತಿ. ಇನ್ನ ನಿಮ್ಮನ್ನ ಬೈಬೇಕು. ಒಂದ ಮನ್ಯಾಗ ಇದ್ದು, ನಿಮ್ಮ ಕೈಗೆ ರೊಟ್ಟಿ ಕೊಟ್ಟು, ಹೆಂಗ ಬೈಲಿ ಹೇಳ್ರಿ."

ಕಸ್ತೂರಿ ಮೇಜಿನ ಮೇಲಿನ ಇನ್ನೊಂದು ತಟ್ಟೆಯ ಕಡೆ ಬೆರಳು ಮಾಡಿದಳು. "ಅದಕ್ಕೂ ಬಳಿ ಐತಿ. ಅದು ಯಾರದು?"

"ವಾರ್ಡಿನ್ಯಾಗಿನ ಬಾಣಂತಿದು. ನವಲಗುಂದದ ಕಡಿಯಾಕಿ."

"ಬದುಕ್ಯಾಳ?"

"ಬದುಕ್ಯಾಳ."

"ಹಂಗಾರ ಇಲ್ಲಿ ನಿಂತ ಏನ ಮಾಡಾಕತ್ತೀರಿ ನೀವು?" ಕಸ್ತೂರಿಯ ದನಿ ಆಗ ಒಡೆಯಿತು.

ಇಂದುಮತಿ ಕಪಾಟಿನ ಕೋಣೆಗೆ ಹೋದಳು. ಕಟ್ಟಿಯವರ ಬಾಗಿಲು ತೆರೆದೇ ಇತ್ತು. ಅವರು ನೋಡಿದರೋ ಇಲ್ಲವೋ, ಅವಳು ತಿರುಗಿ ನೋಡಲಿಲ್ಲ. ತಣ್ಣನೆಯ ಉಕ್ಕಿನ ಮೇಲೆ ಅಂಗೈ ಇಟ್ಟಳು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಒತ್ತಬೇಕಾಗಿಯೂ ಇರಲಿಲ್ಲ, ತಾಗಿಸಿದರೆ ಸಾಕಿತ್ತು. ಇಷ್ಟು ಸಲೀಸು ಎಂದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಸೀಸೆ ಎತ್ತಿಕೊಂಡಳು.

ಆರೈಕೆ ವಾರ್ಡಿನಲ್ಲಿ ರೇಣವ್ವ ಕಣ್ಣು ಮುಚ್ಚಿ ಮಲಗಿದ್ದಳು. ಅವಳ ತಾಯಿ ಫಕೀರವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹೊಲದ ಕೆಲಸದಿಂದ ಒಡೆದ ಅಂಗಾಲುಗಳನ್ನು ಮಡಚಿ ನೆಲದ ಮೇಲೆ ಕೂತಿದ್ದಳು. ಪತ್ರಿಕೆ ಓದುವವಳಲ್ಲ, ಊರಿನ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ, ಈ ಕೋಣೆಗೆ ಸೂಜಿ ಬರುವುದಿಲ್ಲ ಎಂದು. ಇಂದುಮತಿ ತಾನೇ ನರ ಹುಡುಕಿ ತ್ರಾಣ ಏರಿಸಿದಳು.

"ಪೆಟ್ಟಿಗಿ ತಪ್ಪ ಹೇಳಿತ್ತವ್ವಾ" ಎಂದಳು, ವಾರ್ಡಿನ ಬೇರೆಯವರಿಗೂ ಕೇಳುವ ಹಾಗೆ. "ಈ ಔಷಧಿ ನಿನ್ನ ಮಗಳಿಗೆ ಹತ್ತತೈತಿ. ಉಳಿದವರದೂ ಇವತ್ತ ತಟ್ಟಿ ಹಾಕಿ ನೋಡ್ತೀನಿ. ಯಾರೂ ಮನಿಗೆ ಹೋಗಬ್ಯಾಡ್ರಿ."

ಸುತ್ತಲಿನ ಹಾಸಿಗೆಗಳ ಕಡೆಯಿಂದ ಜನ ಎದ್ದು ಬಂದರು. ಕಸ್ತೂರಿಯೂ ಬಂದು ಬಾಗಿಲಲ್ಲಿ ನಿಂತಿದ್ದಳು. ಫಕೀರವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ಕೂಸನ್ನು ಮಗಳ ಮಗ್ಗುಲಲ್ಲಿ ಮಲಗಿಸಿ, ಸೆರಗು ಒಡ್ಡಿ ಇಂದುಮತಿಯ ಪಾದದ ಮೇಲೆ ಬಿದ್ದಳು. ಹಿರಿಯರಿಂದ ಬಂದ ಹರಕೆಯ ಮಾತು ತಾನಾಗಿಯೇ ಅವಳ ಬಾಯಿಗೆ ಬಂತು.

"ನಿನ್ನ ತವರಮನಿ ತಣ್ಣಗಿರಲೆವ್ವಾ. ನಿನ್ನ ಬೆನ್ನಿಗೆ ಬಿದ್ದ ತಮ್ಮಂದಿರು ನೂರ ವರ್ಷ ಬಾಳಲಿ."

ಪಾದ ಎಳೆದುಕೊಳ್ಳಬೇಕೆಂದು ಇಂದುಮತಿಗೆ ತೋಚಲಿಲ್ಲ. ಕಸ್ತೂರಿ ಮುಂದೆ ಬಂದು ಬಗ್ಗಿ ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದಳು.

"ಸಾಕ ಏಳಬೇ" ಎಂದಳು. ಇಂದುಮತಿಯ ಮುಖವನ್ನು ಅವಳು ನೋಡಲಿಲ್ಲ.